ಮೇಗುತಿಯ ನೂರಾರು ಹಡಗುಗಳು: ಐಹೊಳೆಯ ಶಾಸನ ಪರಂಪರೆಯಲ್ಲಿ ಪೋತವಣಿಜರ ಸಮರಸೇವೆ ಮತ್ತು ಅದಕ್ಕೆ ದೊರೆತ ಮನ್ನಣೆ

ಸಹ್ಯಾದ್ರಿಯ ಕಣಕುಂಬಿಯಲ್ಲಿ, ಪಡುಗಡಲಿಗೆ ಅಷ್ಟೇನೂ ದೂರವಲ್ಲದೆಡೆ ಹುಟ್ಟಿದ ಮಲಪ್ರಭೆಯು, ಆ ಕಡಲಿಗೆ ಬೆನ್ನುಮಾಡಿ ಮೂಡಣಕ್ಕೆ ಹರಿದು, ಬಾದಾಮಿಯ ಸೀಮೆಯನ್ನು ಬಳಸಿ, ಪಟ್ಟದಕಲ್ಲು ಐಹೊಳೆಗಳ ಗುಡಿಗಳ ಮಗ್ಗುಲಲ್ಲಿ ಹಾಯ್ದು, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಳಕಲ್ಲು ಹುನಗುಂದಗಳಿಂದಾಗಲಿ, ಬಾಗಲಕೋಟೆಯಿಂದಾಗಲಿ, ಅಮೀನಗಡದ ಹಾದಿ ಹಿಡಿದು ಐಹೊಳೆಗೆ ಬರುವವನ ಕಣ್ಣಿಗೆ ಬೀಳುವುದು ಕೆಂಪು ಮರಳುಗಲ್ಲಿನ ಗುಡ್ಡಗಳು, ಜೋಳದ ಹೊಲಗಳು, ಬಿಸಿಲು. ಹಡಗಿನ ನೆನಪನ್ನು ತರುವ ವಸ್ತು ಒಂದೂ ಇಲ್ಲ. ಆದರೂ ಕನ್ನಡಿಗರ ನೌಕಾಸಮರದ ಪ್ರಾಚೀನ ವರ್ಣನೆಯೊಂದು ಕೊರೆಯಲ್ಪಟ್ಟಿರುವುದು ಈ ಒಣನೆಲದ ಗುಡ್ಡದ ಮೇಲೆಯೇ. ಕಡಲ ವ್ಯಾಪಾರದಿಂದ ದೇಶಾಂತರಗಳಲ್ಲಿ ಖ್ಯಾತವಾದ ವರ್ತಕ ಸಂಘವೊಂದು ತನ್ನ ಹೆಸರನ್ನು ಪಡೆದುದೂ ಇದೇ ಊರಿನಿಂದಲೇ. ಅರಸರ ದಂಡಯಾತ್ರೆಗಳಿಗೆ ಹೆಗಲುಕೊಟ್ಟ, ಆದರೆ ತಾವು ಸೈನಿಕರೆನಿಸದ ನಾವಿಕರಿಗೂ ಕಡಲ ವರ್ತಕರಿಗೂ ಯಾವ ಬಗೆಯ ಮನ್ನಣೆ ದೊರೆಯಿತೆಂಬುದನ್ನು ಈ ಎರಡು ಸಂಗತಿಗಳ ಆಧಾರದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೇಗುತಿಯ ಸಾಕ್ಷ್ಯ

ಐಹೊಳೆಯ ಮೇಗುತಿ ಜಿನಾಲಯದ ಪೂರ್ವಭಿತ್ತಿಯಲ್ಲಿರುವ ಶಾಸನವು ಶಕವರ್ಷ 556ಕ್ಕೆ, ಅಂದರೆ ಕ್ರಿ.ಶ. 634-35ಕ್ಕೆ ಸೇರಿದುದು. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡದ್ದು, ಕರ್ತೃ ರವಿಕೀರ್ತಿ. ಕಾಳಿದಾಸ ಭಾರವಿಗಳ ಕೀರ್ತಿಗೆ ತನ್ನ ಕೀರ್ತಿಯನ್ನು ಹೋಲಿಸಿಕೊಂಡ ಈ ಕವಿಯ ಆತ್ಮವಿಶ್ವಾಸ ಸುಪ್ರಸಿದ್ಧವೇ ಆಗಿದೆ. ಫ್ಲೀಟ್ ಮತ್ತು ಕೀಲ್‌ಹಾರ್ನ್ ಮೊದಲಾದ ವಿದ್ವಾಂಸರು ಸಂಪಾದಿಸಿದ ಈ ಪ್ರಶಸ್ತಿಯಲ್ಲಿ ಕಡಲು ಎರಡು ಕಡೆ ಮುಖ್ಯವಾಗಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ಬಾದಾಮಿ ಚಾಲುಕ್ಯರ ಅರಸ ಮಂಗಳೇಶನ ರೇವತೀದ್ವೀಪ ವಿಜಯ. ಅವನ ಸೈನ್ಯವು ದ್ವೀಪದ ಕೋಟೆಯನ್ನು ಮುತ್ತಿದಾಗ, ಪತಾಕೆಗಳಿಂದ ಕೂಡಿದ ಆ ಸೈನ್ಯದ ನೆರಳು ನೀರಿನಲ್ಲಿ ಮೂಡಿ, ವರುಣನೇ ತನ್ನ ಪಡೆಯನ್ನು ಕಳುಹಿಸಿದಂತೆ ತೋರಿತೆಂದು ಕವಿ ಹೇಳುತ್ತಾನೆ. ವೆಂಗುರ್ಲೆಯ ದಕ್ಷಿಣಕ್ಕಿರುವ ರೇಡಿಯೇ ಆ ರೇವತೀದ್ವೀಪವೆಂದು ವಿದ್ವಾಂಸರು ಸಾಮಾನ್ಯವಾಗಿ ಅಂಗೀಕರಿಸಿದ್ದಾರೆ. ಶಕವರ್ಷ 532ರ ಗೋವೆಯ ತಾಮ್ರಪಟದಲ್ಲಿ, ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮನೆಂಬ ಅಧಿಕಾರಿಯು ಅಲ್ಲಿ ನೆಲಸಿ ನಾಲ್ಕು ವಿಷಯಮಂಡಲಗಳನ್ನು ಆಳುತ್ತಿದ್ದನೆಂದಿರುವುದರಿಂದ, ಆ ವಿಜಯವು ಬರಿಯ ಕವಿಸಮಯವಲ್ಲವೆಂಬುದು ಸ್ಪಷ್ಟ.

ಎರಡನೆಯದು ಅದೇ ವಂಶದ ಇಮ್ಮಡಿ ಪುಲಕೇಶಿಯ ಪುರೀ ಮುತ್ತಿಗೆ. ಕೊಂಕಣದ ಮೌರ್ಯರನ್ನು ಅಡಗಿಸಿದ ತರುವಾಯ, ಪಶ್ಚಿಮಸಮುದ್ರದ ಲಕ್ಷ್ಮಿಯೆನಿಸಿದ್ದ ಆ ಪಟ್ಟಣವನ್ನು ಅವನು ಮದಗಜಗಳ ಸಾಲಿನಂತಿದ್ದ ನೂರಾರು ಹಡಗುಗಳಿಂದ ಮುತ್ತಿದಾಗ, ಮೋಡ ಕವಿದ ಆಗಸವು ಕಡಲಿನಂತೆಯೂ, ಕಡಲು ಆಗಸದಂತೆಯೂ ಕಂಡಿತೆಂಬುದು ರವಿಕೀರ್ತಿಯ ವರ್ಣನೆ. ಈ ಪುರಿಯನ್ನು ಕೆಲವರು ಘಾರಾಪುರಿಯೆಂದೂ, ಕೆಲವರು ಜಂಜಿರಾ ಸಮೀಪದ ರಾಜಪುರಿಯೆಂದೂ ಗುರುತಿಸಿದ್ದಾರೆ. ನಮಗೆ ಇಲ್ಲಿ ಮುಖ್ಯವಾದುದು ಉಪಮಾನ. ಆನೆಯೆಂದರೆ ಅದರ ಕೊರಳ ಮೇಲೆ ಮಾವುತನಿರಲೇಬೇಕು. ಅಂಕುಶವಿಲ್ಲದೆ ಮದಗಜಗಳು ಸಾಲುಗಟ್ಟುವುದಿಲ್ಲ. ಆದರೆ ಕವಿಯ ದೃಷ್ಟಿ ಆನೆಯ ಮೇಲೆ ನಿಂತಿತು, ಮಾವುತನವರೆಗೆ ಏರಲಿಲ್ಲ. ಹಡಗು ಎಣಿಕೆಗೆ ಬಂದಿತು. ಹುಟ್ಟು ಹಾಕಿದವನೂ ಚುಕ್ಕಾಣಿ ಹಿಡಿದವನೂ ಎಣಿಕೆಗೆ ಬರಲಿಲ್ಲ.

ಸೈನಿಕನಲ್ಲದ ಸೇವಕ

ನಮ್ಮ ಪ್ರಾಚೀನ ಕೋಶಕಾರರಿಗೆ ಈ ಜನರ ಪರಿಚಯವಿರಲಿಲ್ಲವೆಂದಲ್ಲ. ಅಮರಕೋಶದ ಕರ್ತೃ ಅಮರಸಿಂಹನು ಕಡಲ ವ್ಯಾಪಾರಿಯನ್ನು ಸಾಂಯಾತ್ರಿಕನೆಂದೂ ಪೋತವಣಿಜನೆಂದೂ, ಚುಕ್ಕಾಣಿಗಾರನನ್ನು ಕರ್ಣಧಾರನೆಂದೂ, ಹಡಗು ನಡೆಸುವವರನ್ನು ನಿಯಾಮಕರೆಂದೂ ಕರೆದು, ಹಾಯಿಕಂಬಕ್ಕೆ ಸಹ ಬೇರೆ ಹೆಸರುಗಳನ್ನು ಕೊಟ್ಟಿದ್ದಾನೆ. ಗಮನಿಸಬೇಕಾದುದೇನೆಂದರೆ, ಇವರೆಲ್ಲರೂ ಅವನ ಕೋಶದಲ್ಲಿ ಬರುವುದು ನೀರನ್ನು ಕುರಿತ ವಾರಿವರ್ಗದಲ್ಲಿ; ರಥಿಕ, ಪದಾತಿ, ಮಾವುತರು ಬರುವ ಕ್ಷತ್ರಿಯವರ್ಗದಲ್ಲಲ್ಲ. ಕೌಟಿಲ್ಯನ ನಾವಧ್ಯಕ್ಷನು ರಾಜನೌಕೆಯಲ್ಲಿ ಪ್ರಯಾಣಿಸುವವರಿಂದ ಯಾತ್ರಾವೇತನವನ್ನು ಪಡೆಯುತ್ತಿದ್ದನು; ರಾಜನ ಹಡಗುಗಳು ವರ್ತಕರಿಗೆ ಬಾಡಿಗೆಗೆ ಸಲ್ಲುತ್ತಿದ್ದುವೆಂದು ಮೆಗಸ್ತನೀಸನ ವರ್ತಮಾನವೂ ಹೇಳುತ್ತದೆ. ಸಮರದ ಹಡಗಿಗೂ ಸರಕಿನ ಹಡಗಿಗೂ ನಡುವೆ ಇಂದಿನಂಥ ಗೋಡೆಯಿಲ್ಲದ ಕಾಲದಲ್ಲಿ, ಕಡಲಿನಿಂದ ದೂರದ ಬಾದಾಮಿಯ ಅರಸನು ನೂರಾರು ಹಡಗುಗಳನ್ನು ಕೂಡಿಸಬೇಕಾದರೆ, ಕರಾವಳಿಯ ಬಂದರುಗಳ ವ್ಯಾಪಾರದ ಹಡಗುಗಳನ್ನೂ ಅವುಗಳ ಅಂಬಿಗರನ್ನೂ ಕರೆಸಿಕೊಂಡಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಅಯ್ಯಾವೊಳೆಯ ಐನೂರ್ವರು

ಅರಸನ ಕವಿ ಬಿಟ್ಟುದನ್ನು ವರ್ತಕರು ತಾವೇ ಬರೆಯಿಸಿಕೊಂಡರು. ಐಹೊಳೆಯ ಹಳೆಯ ಹೆಸರಾದ ಅಯ್ಯಾವೊಳೆಯಿಂದ ಗುರುತಿಸಿಕೊಂಡ ಐನೂರ್ವರ ಸಂಘವು, ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲೆಲ್ಲ ಹಬ್ಬಿ, ನಾನಾದೇಶಿ, ವೀರಬಣಂಜು ಎಂಬ ಬಿರುದುಗಳಿಂದ ಪ್ರಖ್ಯಾತವಾಗಿತ್ತು. ಅವರ ಪ್ರಶಸ್ತಿಯ ಮೊದಲಲ್ಲೇ ಬರುವ ಮಾತು ಐನೂರು ವೀರಶಾಸನಗಳನ್ನು ಪಡೆದವರೆಂಬುದು. ತಕ್ಕಡಿ ಹಿಡಿದವರು ತಮ್ಮ ಪರಿಚಯವನ್ನು ಸಂಪತ್ತಿನಿಂದ ಮೊದಲುಮಾಡದೆ ವೀರದಿಂದ ಮೊದಲುಮಾಡಿದುದು ವಿಚಾರಾರ್ಹ. ವಾಸುದೇವ, ಖಂಡಳಿ, ಮೂಲಭದ್ರರ ವಂಶದವರೆಂದೂ, ಭಗವತಿಯ ವರಪ್ರಸಾದವುಳ್ಳವರೆಂದೂ ಅವರು ಹೇಳಿಕೊಂಡರು. 11ನೆಯ ಶತಮಾನದ ನಡುಭಾಗದ ಶಿಕಾರಿಪುರ ಸೀಮೆಯ ಶಾಸನವೊಂದು, ನೆಲದಾರಿ ಜಲದಾರಿಗಳೆರಡರಿಂದಲೂ ದೇಶದೇಶಗಳನ್ನು ಹೊಕ್ಕು, ಆನೆ ಕುದುರೆಗಳಿಂದ ಹಿಡಿದು ನೀಲ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳವರೆಗೆ ಮಾರುತ್ತಿದ್ದ ಅವರ ವ್ಯಾಪಾರವನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಆನೆಯೂ ಕುದುರೆಯೂ ದಂಡಿಗೆ ಬೇಕಾದ ಪದಾರ್ಥಗಳೆಂಬುದನ್ನು ನೆನೆದರೆ, ವ್ಯಾಪಾರವೇ ಹೇಗೆ ಸಮರಸೇವೆಯಾಗುತ್ತಿತ್ತೆಂಬುದು ತಿಳಿಯುತ್ತದೆ.

ಈ ಸಂಘಕ್ಕೆ ತನ್ನದೇ ಆದ ಕಾಪಿನ ಪಡೆಯಿತ್ತು. ಅಂಥ ಭಟರು ನೆಲಸಿದ ಊರುಗಳನ್ನು ವೀರಪಟ್ಟಣಗಳೆಂದು ಘೋಷಿಸಿ, ಅವರಿಗೆ ರಿಯಾಯಿತಿಗಳನ್ನು ಕೊಟ್ಟು ಕಲ್ಲಿನಲ್ಲಿ ಬರೆಯಿಸುವ ಪದ್ಧತಿಯನ್ನು ತಮಿಳು, ತೆಲುಗು ಸೀಮೆಗಳಲ್ಲಿಯೂ ಸಿಂಹಳದಲ್ಲಿಯೂ ಕಾಣುತ್ತೇವೆ. ಇಲ್ಲಿ ಮನ್ನಣೆ ಕೊಟ್ಟವನು ಅರಸನಲ್ಲ, ಸೇವೆಯನ್ನು ಪಡೆದ ವರ್ತಕ ಸಮೂಹ. 1025ರ ಸುಮಾರಿಗೆ ರಾಜೇಂದ್ರ ಚೋಳನು ಶ್ರೀವಿಜಯದ ಮೇಲೆ ಹಡಗುಪಡೆಯನ್ನು ಕಳುಹಿಸಿದಾಗ ಇಂಥ ಸಂಘಗಳ ಪಾತ್ರವೆಷ್ಟಿತ್ತೆಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯವಾಗಿದೆ.

ಆ ದಂಡಯಾತ್ರೆಯಾಗಿ ಅರುವತ್ತು ವರ್ಷಗಳು ಕಳೆದ ಮೇಲಿನ ಕಲ್ಲೊಂದನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಸುಮಾತ್ರದ ಬಾರೂಸ್ ಬಳಿಯ ಲೋಬು ತುವಾದಲ್ಲಿ 1873ರಲ್ಲಿ ದೊರೆತು, 1932ರಲ್ಲಿ ಕೆ. ಎ. ನೀಲಕಂಠ ಶಾಸ್ತ್ರಿಗಳಿಂದ ವಿವೇಚಿತವಾದ, ಶಕವರ್ಷ 1010ರ ಆ ತಮಿಳು ಶಾಸನವು ದಿಕ್ಕುದಿಕ್ಕುಗಳ ಐನೂರ್ವರದು. ಅವರು ಕೂಡಿ ಮಾಡಿದ ಕಟ್ಟಳೆಯಂತೆ, ಬಂದರಿಗೆ ಬಂದ ಹಡಗಿನ ನಾಯಕನೂ ಅದರ ಕೇವಿಗಳೆಂಬ ಆಳುಗಳೂ ಕಸ್ತೂರಿಯ ಬೆಲೆಗೆ ಸರಿಯಾಗಿ ಚಿನ್ನವನ್ನು ತೆತ್ತ ಬಳಿಕವೇ, ಹಾಸಿದ ಪಾವಡೆಯನ್ನು ಮೆಟ್ಟಿ ಒಳಗೆ ಬರಬೇಕು. ಆ ಸುಂಕವನ್ನು ಪಡೆಯುವವರ ಸಾಲಿನಲ್ಲಿ ನಗರಸೇನಾಪತಿಯೆಂಬ ಬಿರುದಿನವನೊಬ್ಬನಿದ್ದಾನೆ. ವರ್ತಕರ ನಗರಕ್ಕೆ ಸೇನಾಪತಿ! ಮೇಗುತಿಯ ಪದ್ಯದಲ್ಲಿ ಕಾಣದಿದ್ದ ಹಡಗಿನಾಳು ಇಲ್ಲಿ ಕಲ್ಲಿನ ಮೇಲೆ ಕಾಣಿಸಿಕೊಂಡನು, ನಿಜ. ಆದರೆ ಅವನು ಬಂದುದು ಬಿರುದು ಪಡೆಯುವವನಾಗಿ ಅಲ್ಲ, ಸುಂಕ ತೆರುವವನಾಗಿ.

ಅರಸನ ಕೃತಜ್ಞತೆ, ಊರಿನ ಕೃತಜ್ಞತೆ

ಅರಸನೇ ಕಡಲ ವರ್ತಕನ ಉಪಕಾರವನ್ನು ನೆನೆದುದಕ್ಕೂ ಉದಾಹರಣೆಯಿಲ್ಲದಿಲ್ಲ. ಕಲ್ಯಾಣ ಚಾಲುಕ್ಯರ ಸಾಮಂತರಾದ ಗೋವೆಯ ಕದಂಬರು ಕಡಲಿನ ಅರಸರು. ಷಷ್ಠದೇವನು ಹಡಗುಗಳ ಸೇತುವೆಯನ್ನೇ ಕಟ್ಟಿದನೆಂದು ಅವರ ಪ್ರಶಸ್ತಿಗಳು ಹೇಳುತ್ತವೆ. ಆ ವಂಶದ ಗುಹಲ್ಲದೇವನು ಸೋಮನಾಥದ ಯಾತ್ರೆಗೆ ಹೊರಟಾಗ ನಡುಗಡಲಲ್ಲಿ ಹಡಗಿನ ಕಂಬ ಮುರಿದು, ಗೋವೆಯಲ್ಲಿ ಆಶ್ರಯಪಡೆಯಬೇಕಾಗಿ ಬಂದಿತು. ಆಗ ನೆರವಾದವನು ಮದುಮೋದನೆಂಬ ತಾಜಿಕ, ಅಂದರೆ ಅರಬ ವರ್ತಕ. ಅವನ ಮೊಮ್ಮಗ ಸದನನಿಗೆ ಒಂದನೆಯ ಜಯಕೇಶಿಯು ಅಧಿಕಾರವನ್ನಿತ್ತುದಲ್ಲದೆ, ಅವನು ಕಟ್ಟಿಸಿದ ಮಿಜಿಗಿತಿಯ, ಎಂದರೆ ಮಸೀದಿಯ ನಿರ್ವಹಣೆಗೆ ಬಂದರಿನ ಹಡಗುಗಳಿಂದ ಬರುವ ಸುಂಕವನ್ನು ಬಿಟ್ಟುಕೊಟ್ಟುದನ್ನು 1059ರ ಪಣಜಿಯ ತಾಮ್ರಪಟಗಳಿಂದ ತಿಳಿಯುತ್ತೇವೆ. ಅಜ್ಜ ಮಾಡಿದ ಸೇವೆಗೆ ಮೊಮ್ಮಗನ ಕಾಲದಲ್ಲಿ ಸಂದ ಈ ಮನ್ನಣೆಯು, ಮತವನ್ನಾಗಲಿ ದೇಶವನ್ನಾಗಲಿ ಎಣಿಸದೆ ಉಪಕಾರವನ್ನು ಮಾತ್ರ ಎಣಿಸಿದುದಾಗಿದೆ.

ಇನ್ನೊಂದು ಬಗೆಯ ಮನ್ನಣೆ ವೀರಗಲ್ಲಿನದು. ಮುಂಬಯಿಯ ಬೋರಿವಲಿ ಬಳಿಯ ಏಕ್ಸರದಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ, ಕೆಳಗಿನ ಪಟ್ಟಿಕೆಯಲ್ಲಿ ಹಾಯಿಕಂಬವುಳ್ಳ ಹಡಗುಗಳು ಹುಟ್ಟುಗಳ ಸಾಲಿನೊಡನೆ ಎದುರುಬದುರಾಗಿ ನುಗ್ಗುತ್ತವೆ. ಮೇಲಿನ ಪಟ್ಟಿಕೆಗಳಲ್ಲಿ ಮಡಿದವರು ಅಪ್ಸರೆಯರೊಡನೆ ಶಿವಲೋಕಕ್ಕೇರುತ್ತಾರೆ. ಶಿಲ್ಪಿಯ ಉಳಿ ಕವಿಯ ಲೇಖನಿಗಿಂತ ಕೆಳಗಿಳಿದು, ನೀರಿನ ಅಂಚಿನಲ್ಲಿರುವ ಹುಟ್ಟುಗಳನ್ನೂ ಒಂದೊಂದಾಗಿ ಕಡೆದಿದೆ.

ಸಮಾರೋಪ

ಸೈನಿಕರೆನಿಸದ ನಾವಿಕರ ಮನ್ನಣೆಯ ಈ ಪ್ರಶ್ನೆ ಹಳೆಯ ಕಾಲದ್ದಷ್ಟೇ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಬಂಗಾಳ ಅಸ್ಸಾಮುಗಳ 896 ಮಂದಿ ಲಸ್ಕರರಿಗೆ, ಅಂದರೆ ಹಡಗಿನಾಳುಗಳಿಗೆ, ಕಲ್ಕತ್ತೆಯಲ್ಲಿ ಹೂಗ್ಲಿಯ ದಡದಲ್ಲಿ ಸ್ಮಾರಕವೆದ್ದುದು 1924ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸರಕು ಸಾಗಿಸಿದ ಅಮೆರಿಕದ ವಾಣಿಜ್ಯ ನಾವಿಕರಿಗೆ ಮಾಜಿ ಯೋಧರ ಸ್ಥಾನ ದೊರೆತುದು 1988ರಲ್ಲಿ, ಯುದ್ಧ ಮುಗಿದು ನಾಲ್ಕು ದಶಕಗಳಾದ ಮೇಲೆ. ಅಮರಕೋಶದ ವರ್ಗವಿಭಾಗವೇ ಸರಕಾರಿ ಕಡತಗಳಲ್ಲಿಯೂ ಮುಂದುವರಿದಂತೆ ತೋರುತ್ತದೆ: ಗುಂಡು ಇಬ್ಬರಿಗೂ ತಗುಲಿದರೂ, ಒಬ್ಬನು ಕ್ಷತ್ರಿಯವರ್ಗದವನು, ಇನ್ನೊಬ್ಬನು ವಾರಿವರ್ಗದವನು.

ಮೇಲಿನ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ತಿಳಿಯುವುದಿಷ್ಟು. ಮನ್ನಣೆಯ ಪ್ರಮಾಣವು ಸೇವೆಯ ಪ್ರಮಾಣವನ್ನು ಅನುಸರಿಸದೆ, ಬರೆಯಿಸುವವನ ಸಾಮರ್ಥ್ಯವನ್ನು ಅನುಸರಿಸಿತು. ಅರಸನು ಬರೆಯಿಸಿದಲ್ಲಿ ಹಡಗುಗಳು ಉಳಿದುವು. ವರ್ತಕನು ಬರೆಯಿಸಿದಲ್ಲಿ ವರ್ತಕನ ವೀರವೂ ಅವನ ಕಾವಲಿನವನ ಹೆಸರೂ ಉಳಿದುವು. ಬರೆಯಿಸಲಾರದ ಅಂಬಿಗನು ಸುಂಕದ ಪಟ್ಟಿಯಲ್ಲಿ ಒಂದು ಪದವಾಗಿ, ವೀರಗಲ್ಲಿನ ಬುಡದಲ್ಲಿ ಒಂದು ಹುಟ್ಟಾಗಿ ಉಳಿದನು. ಆದುದರಿಂದ ಮೇಗುತಿಯ ಗೋಡೆಯ ಮುಂದೆ ನಿಂತು ಆ ಪದ್ಯವನ್ನು ಓದುವವನು, ಸಾಲುಗಟ್ಟಿದ ಆ ಮದಗಜಗಳನ್ನು ಎಣಿಸುವಾಗ, ಪ್ರತಿಯೊಂದರ ಕೊರಳ ಮೇಲೂ ಒಬ್ಬೊಬ್ಬ ಮಾವುತನನ್ನು ಕೂರಿಸಿಕೊಂಡು ಓದುವುದು ನ್ಯಾಯ.