ಮಕ್ಕಳೂ ಮಾತಿನ ಲೆಕ್ಕವೂ

ನಾಲ್ಕನೆಯ ತರಗತಿಯ ಹುಡುಗನೊಬ್ಬನಿಗೆ 12ರಲ್ಲಿ 5ನ್ನು ಕಳೆ ಎಂದರೆ ಒಡನೆಯೇ 7 ಎನ್ನುತ್ತಾನೆ. ಅದೇ ಹುಡುಗನಿಗೆ, “ರಂಗನ ಹತ್ತಿರ 12 ಗೋಲಿಗಳಿವೆ. ಗಿರಿಯ ಹತ್ತಿರ ಇರುವುದಕ್ಕಿಂತ ಇವು 5 ಹೆಚ್ಚು. ಹಾಗಾದರೆ ಗಿರಿಯ ಹತ್ತಿರ ಎಷ್ಟಿವೆ?” ಎಂದು ಕೇಳಿ ನೋಡಿ. ಅನೇಕ ವೇಳೆ 17 ಎಂಬ ಉತ್ತರ ಬರುತ್ತದೆ. ಕಳೆಯುವುದು ಅವನಿಗೆ ಬಾರದೆಂದಲ್ಲ. ‘ಹೆಚ್ಚು’ ಎಂಬ ಮಾತು ಕಿವಿಗೆ ಬಿದ್ದೊಡನೆ ಆತ ಕೂಡಿಬಿಟ್ಟ, ಅಷ್ಟೆ. ‘ಕ್ಕಿಂತ’ ಎಂಬ ಪುಟ್ಟ ಪ್ರತ್ಯಯ ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಅವನು ನೋಡಲಿಲ್ಲ. ಅಂಕಿಗಳನ್ನು ಬಲ್ಲ ಹುಡುಗ ವಾಕ್ಯದಲ್ಲಿ ಎಡವಿದ. ನಾವಾದರೋ ಅವನಿಗೆ ಲೆಕ್ಕ ಹತ್ತದೆಂದು ಷರಾ ಬರೆದುಬಿಡುತ್ತೇವೆ. ಆ ಷರಾ ಎಷ್ಟೋ ಮಕ್ಕಳಿಗೆ ಜೀವಮಾನವೆಲ್ಲ ಅಂಟಿಕೊಳ್ಳುತ್ತದೆ.

ಕನ್ನಡ ಪಂಡಿತನಿಗೆ ಗಣಿತದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ನಾಡಿನಲ್ಲಿ ಗಣಿತವೂ ಸಾಹಿತ್ಯವೂ ಬಹುಕಾಲ ಒಂದೇ ಮನೆಯಲ್ಲಿ ಬಾಳಿದವು ಎಂಬುದೇ ಅದಕ್ಕೆ ಉತ್ತರ. ಆ ಸಂಸಾರದ ಚರಿತ್ರೆಯನ್ನು ತಿಳಿದರೆ ಇಂದಿನ ಮಕ್ಕಳಿಗೆ ನೆರವಾಗುವ ದಾರಿಯೂ ತೋರುತ್ತದೆ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಆಳಿದುದು ಕ್ರಿ. ಶ. 814ರಿಂದ 878ರವರೆಗೆ. ಅವನ ಆಶ್ರಯದಲ್ಲಿ ಕನ್ನಡದ ಕವಿರಾಜಮಾರ್ಗ ಹುಟ್ಟಿದುದನ್ನು ಎಲ್ಲರೂ ಬಲ್ಲರು. ಅದೇ ಕಾಲದಲ್ಲಿ ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿ, ಮೊದಲಲ್ಲೇ ನೃಪತುಂಗನನ್ನು ಕೊಂಡಾಡಿದನು. ಈ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಅದರಲ್ಲಿ ಬರಿಯ ಸೂತ್ರಗಳಿಲ್ಲ. ಆನೆಗಳ ಹಿಂಡು, ಮಾವಿನ ಹಣ್ಣು, ಹರಿದು ಚೆದುರಿದ ಮುತ್ತಿನ ಹಾರ, ದಾರಿಹೋಕರು, ವರ್ತಕರು ಎಲ್ಲವೂ ಉಂಟು.

ಅದರಲ್ಲಿನ ಒಂದು ಸಮಸ್ಯೆ ಹೀಗಿದೆ. ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣಿಸುತ್ತದೆ. ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನದಾಗುತ್ತದೆ ಎಂದು ಮೊದಲನೆಯವನು ಹೇಳುತ್ತಾನೆ. ನನಗೆ ಸಿಕ್ಕರೆ ಮೂರರಷ್ಟು ಎಂದು ಎರಡನೆಯವನು. ಐದರಷ್ಟು ಎಂದು ಮೂರನೆಯವನು. ಉತ್ತರವೇನೆಂದರೆ, ಚೀಲದಲ್ಲಿ 15. ಅವರ ಕೈಯಲ್ಲಿ ಕ್ರಮವಾಗಿ 1, 3, 5. ತಾಳೆ ನೋಡಿರಿ: ಮೊದಲನೆಯವನಿಗೆ ಚೀಲ ಸೇರಿದರೆ 16, ಮಿಕ್ಕಿಬ್ಬರದು ಕೂಡಿ 8. ಇಲ್ಲಿ ಲೆಕ್ಕದ ಕೀಲಿ ಇರುವುದು ‘ನಿಮ್ಮಿಬ್ಬರ ಒಟ್ಟು’ ಎಂಬ ಮಾತಿನಲ್ಲಿ. ಅದನ್ನು ತಪ್ಪಾಗಿ ಅರ್ಥಮಾಡಿಕೊಂಡವನಿಗೆ ಎಷ್ಟು ಮಗ್ಗಿ ಬಂದರೂ ಚೀಲ ಬಿಚ್ಚದು.

ಇದೇ ವಿದ್ಯೆಯನ್ನು ಕನ್ನಡಕ್ಕೆ ತಂದ ಕೀರ್ತಿ 12ನೆಯ ಶತಮಾನದ ರಾಜಾದಿತ್ಯನದು. ಅವನ ವ್ಯವಹಾರಗಣಿತವು ಕನ್ನಡದ ಮೊದಲ ಗಣಿತಗ್ರಂಥವೆಂದು ಹೆಸರಾಗಿದೆ. ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ ಮೊದಲಾದ ಕೃತಿಗಳೂ ಅವನವೇ. ಮೊದಲು ಸೂತ್ರ, ಬಳಿಕ ಅದರ ವಿವರಣೆ, ಆಮೇಲೆ ಉದಾಹರಣೆ, ಇದು ಅವನ ಕ್ರಮ. ಬಾಳಿನ ಕೊಡುಕೊಳ್ಳುವಿಕೆಗೆ ಒದಗುವ ಲೆಕ್ಕವಾದುದರಿಂದಲೇ ಅದು ‘ವ್ಯವಹಾರ’ಗಣಿತ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಲೆಕ್ಕ ಪದ್ಯದಲ್ಲಿದ್ದಾಗ ವಿದ್ಯಾರ್ಥಿಯು ಕಂಡ ಅಂಕಿಗಳನ್ನು ಆತುರದಿಂದ ಕೂಡುವಂತೆಯೇ ಇರಲಿಲ್ಲ. ಮೊದಲು ಪದಗಳನ್ನು ಬಿಡಿಸಬೇಕು. ಬಳಿಕ ಕರ್ತೃ ಯಾರು, ಕರ್ಮ ಯಾವುದು, ಯಾವ ವಿಶೇಷಣ ಯಾವುದಕ್ಕೆ ಸೇರಿದುದು ಎಂದು ಅನ್ವಯ ಮಾಡಬೇಕು. ಆಮೇಲೆ ತಾತ್ಪರ್ಯವನ್ನು ತನ್ನ ಮಾತಿನಲ್ಲಿ ಹೇಳಬೇಕು. ಅಷ್ಟಾದ ಮೇಲೆಯೇ ಗುಣಾಕಾರ, ಭಾಗಾಕಾರ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪುಸ್ತಕದಲ್ಲಿ ನಾಲ್ಕು ಮೆಟ್ಟಿಲುಗಳನ್ನು ಹೇಳಿದನು: ಸಮಸ್ಯೆಯನ್ನು ಅರಿತುಕೊಳ್ಳುವುದು, ಉಪಾಯ ಹೂಡುವುದು, ಅದರಂತೆ ನಡೆಸುವುದು, ಹಿಂತಿರುಗಿ ನೋಡುವುದು. ಇವುಗಳಲ್ಲಿ ಮೊದಲನೆಯ ಮೆಟ್ಟಿಲು ನಮ್ಮ ಅನ್ವಯ ತಾತ್ಪರ್ಯಗಳಿಗೆ ದೂರದ್ದೇನಲ್ಲ.

ಮುಂದೆ ಹಳ್ಳಿಗಳ ಕೂಲಿಮಠಗಳಲ್ಲಿ ಬಾಯಿಪಾಠಕ್ಕೆ ಹೆಚ್ಚು ಪ್ರಾಶಸ್ತ್ಯ ಬಂದಿತು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುವುದಿತ್ತು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ರಾಗವಾಗಿ ಒಪ್ಪಿಸಬೇಕಾಗಿತ್ತು. ಮೈಸೂರು ಸೀಮೆಯಲ್ಲಿ 1868ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಯೋಜನೆಯಂತೆ ಹೋಬಳಿ ಶಾಲೆಗಳು ಹುಟ್ಟಿದ ಮೇಲೆ ಅಚ್ಚಿನ ಪುಸ್ತಕದ ಪಾಠ ಹಳ್ಳಿಗೂ ಬಂದಿತು. ಆದರೂ ಮನೆಯ ಲೆಕ್ಕವೂ ಶಾಲೆಯ ಲೆಕ್ಕವೂ ಒಂದೇ ಭಾಷೆಯನ್ನಾಡುತ್ತಿದ್ದವು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, 20 ಕೊಳಗಕ್ಕೆ ಒಂದು ಖಂಡುಗ ಎಂಬುದು ಕಣದಲ್ಲಿಯೂ ಸಂತೆಯಲ್ಲಿಯೂ ಕೇಳಿಬರುತ್ತಿದ್ದ ಮಾತು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂದಿತು. 1956ರ ಕಾಯಿದೆಯನ್ನನುಸರಿಸಿ ತೂಕ ಅಳತೆಗಳೂ ಮುಂದಿನ ಕೆಲವು ವರ್ಷಗಳಲ್ಲಿ ಮೆಟ್ರಿಕ್ ಕ್ರಮಕ್ಕೆ ತಿರುಗಿದವು. ಊರಿಂದೂರಿಗೆ ಬೇರೆಯಾಗುತ್ತಿದ್ದ ಕೊಳಗದ ತೊಡಕು ತಪ್ಪಿದುದು ದೊಡ್ಡ ಉಪಕಾರವೇ ಸರಿ. ಆದರೆ ಮಾತು ಹಿಂದೆಯೇ ಉಳಿಯಿತು. ನಾಲ್ಕಾಣೆ ಎನಿಸಿಕೊಂಡ 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆ ಕಳೆದುಕೊಂಡರೂ ‘ಹದಿನಾರಾಣೆ ಸತ್ಯ’ ಎನ್ನುವುದನ್ನು ನಾವು ಬಿಟ್ಟಿಲ್ಲ. ಅದು ಪೂರ್ತಿ ಸತ್ಯ ಹೇಗಾಯಿತೆಂದು ಇಂದಿನ ಮಗುವಿಗೆ ಬಿಡಿಸಿ ಹೇಳಬೇಕು.

ಈಚಿನ ಪ್ರಯತ್ನಗಳೂ ಉಲ್ಲೇಖಾರ್ಹವಾಗಿವೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತ ‘ನಲಿ ಕಲಿ’ ಪದ್ಧತಿಯು 2009ರಲ್ಲಿ ನಾಡಿನ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆ ಹಬ್ಬಿತು. ನಮ್ಮ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನಲ್ಲಿ 2010ರ ದಶಕದ ಆರಂಭದಲ್ಲಿ ಅಕ್ಷರ ಫೌಂಡೇಶನ್ ಸಂಸ್ಥೆಯು ಗಣಿತದ ಕಲಿಕೋಪಕರಣಗಳನ್ನು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿತು. ಮುಂದೆ ಇದೇ ಕೆಲಸ ‘ಗಣಿತ ಕಲಿಕಾ ಆಂದೋಲನ’ವೆಂಬ ಹೆಸರಿನಿಂದ ಬೇರೆ ಜಿಲ್ಲೆಗಳಿಗೂ ಹೋಯಿತು. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವಿನಿಂದ ಸಂಖ್ಯೆಗೆ ಹೋಗುವ ಈ ದಾರಿ ಒಳ್ಳೆಯದು. ಆದರೆ ಮಣಿಯಿಂದ ಸಂಖ್ಯೆಗೆ ಹೋಗುವಂತೆ ವಾಕ್ಯದಿಂದ ಸಂಖ್ಯೆಗೆ ಹೋಗುವ ದಾರಿಯನ್ನೂ ಮಗುವಿಗೆ ತೋರಿಸಬೇಕು. ಅದು ಭಾಷೆ ಕಲಿಸುವವನ ಪಾಲಿನ ಕೆಲಸ.

‘ಹೆಚ್ಚು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ’ ಎಂದು ಗುರುತಿನ ಪದಗಳನ್ನು ಉರುಹೊಡೆಸುವ ರೂಢಿಯೊಂದುಂಟು. ಗೋಲಿಯ ಲೆಕ್ಕ ಕೆಡುವುದು ಇದರಿಂದಲೇ. ಅದಕ್ಕೆ ಬದಲಾಗಿ, ಲೆಕ್ಕವನ್ನು ಮಗು ಎರಡು ಸಲ ಗಟ್ಟಿಯಾಗಿ ಓದಲಿ. ಪುಸ್ತಕ ಮುಚ್ಚಿ, ಅಂಕಿಗಳನ್ನು ಬಿಟ್ಟು ಕಥೆಯನ್ನು ಮಾತ್ರ ಹೇಳಲಿ: ಯಾರ ಹತ್ತಿರ ಹೆಚ್ಚು, ಯಾರ ಹತ್ತಿರ ಕಡಿಮೆ? ಹುಣಿಸೆಬೀಜವನ್ನೋ ಕಲ್ಲನ್ನೋ ಇಟ್ಟು ತೋರಿಸಲಿ, ಇಲ್ಲವೆ ಎರಡು ಗೆರೆ ಎಳೆಯಲಿ. ಉತ್ತರ 12ಕ್ಕಿಂತ ದೊಡ್ಡದಾಗಬೇಕೋ ಚಿಕ್ಕದಾಗಬೇಕೋ ಎಂಬುದನ್ನು ಮೊದಲೇ ಊಹಿಸಲಿ. ಬಂದ ಉತ್ತರವನ್ನು ಕೊನೆಗೆ ಕಥೆಯೊಳಗೆ ಇಟ್ಟು ನೋಡಲಿ.

ಈ ಕೊನೆಯ ಹೆಜ್ಜೆಯ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ 50 ಜನ ಹೊರಟಿದ್ದಾರೆ. ಗಾಡಿಗೆ 8 ಜನರಂತೆ ಎಷ್ಟು ಗಾಡಿ ಬೇಕು? ಭಾಗಲಬ್ಧ 6, ಶೇಷ 2 ಎಂದು ಮಗು ಬರೆಯುತ್ತದೆ. ಭಾಗಾಕಾರ ಸರಿಯೇ, ಆದರೆ ಆ ಇಬ್ಬರು ಜಾತ್ರೆ ಕಾಣದೆ ದೊಡ್ಡಬಳ್ಳಾಪುರದಲ್ಲೇ ನಿಲ್ಲಬೇಕೆ? ಹೀಗೆ ಕೇಳಿದರೆ ಮಗು ನಕ್ಕು 7 ಗಾಡಿ ಎನ್ನುತ್ತದೆ.

ಇನ್ನೊಂದು: ನಾಲ್ವರು ಹಿಪ್ಪುನೇರಳೆ ಸೊಪ್ಪನ್ನು 6 ಗಂಟೆಯಲ್ಲಿ ಕೊಯ್ದರೆ, ಅಷ್ಟೇ ಸೊಪ್ಪಿಗೆ 8 ಜನರಿಗೆ ಎಷ್ಟು ಹೊತ್ತು? ಕಥೆಯನ್ನು ಕಾಣದ ಮಗು 12 ಎನ್ನುತ್ತದೆ. ಕೈ ಹೆಚ್ಚಿದರೆ ಹೊತ್ತು ಕಡಿಮೆ ಎಂಬುದನ್ನು ತೋಟದಲ್ಲಿ ಕಂಡ ಮಗು 3 ಎನ್ನುತ್ತದೆ. ನಮ್ಮ ಹಳೆಯ ಗಣಿತಜ್ಞರು ಇದನ್ನು ‘ವ್ಯಸ್ತ ತ್ರೈರಾಶಿಕ’ವೆಂದು ಬೇರೆಯಾಗಿಯೇ ಹೇಳಿದುದು ಈ ಭೇದಕ್ಕಾಗಿ.

ಆದುದರಿಂದ ತಾಯಿತಂದೆಗಳು, ತಮಗೆ ಶಾಲೆಯ ಗಣಿತ ಬಾರದೆಂದು ಹಿಂಜರಿಯಬೇಕಾದುದಿಲ್ಲ. ಮಗ್ಗದ ಮನೆಯಲ್ಲಿ 54 ಗಜದ ಹಾಸಿಗೆ 6 ಗಜದ ಸೀರೆ ಎಷ್ಟೆಂದು ಬಲ್ಲವರು, ವಿಜಯಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಬೆಲೆ ಕಟ್ಟಬಲ್ಲವರು, ದೇವನಹಳ್ಳಿಯ ಚಕ್ಕೋತವನ್ನು ಡಜನ್ ಲೆಕ್ಕದಲ್ಲಿ ಮಾರಬಲ್ಲವರು ವ್ಯವಹಾರಗಣಿತದ ವಾರಸುದಾರರೇ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಲೆಕ್ಕ ಆಮೇಲೆ ಮಾಡುವಿಯಂತೆ ಮಗು, ಮೊದಲು ಏನಾಯಿತೆಂದು ಹೇಳು” ಎಂದು ಕೇಳಿದರೆ ಸಾಕು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯಿದೆ. ಮಾತಿನ ಲೆಕ್ಕದಲ್ಲಿ ಆ ಒಕ್ಕಾಲನ್ನು ಸರಿಯಾಗಿ ಊರಿದ ಮಗುವಿಗೆ ಮಿಕ್ಕ ಮುಕ್ಕಾಲು ತಾನಾಗಿಯೇ ಒದಗಿಬರುತ್ತದೆ.