ಗಡಿಯಾರಕ್ಕೆ ಗೊತ್ತಿಲ್ಲದ ಚರಿತ್ರೆ

ಡೊಂಬಿವಲಿ, ಥಾಣೆಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವ ವಾರ ಅಟ್ಟದಿಂದ ಇಳಿಯುವುದು ತಗಡಿನ ಟ್ರಂಕು, ಹಿತ್ತಾಳೆ ಚೆಂಬು, ನಿಂತುಹೋದ ಎಚ್‌ಎಂಟಿ ಗಡಿಯಾರ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗುವ ಮೊದಲೇ ಕರಾವಳಿಯಿಂದ ಬಸ್ಸಿನಲ್ಲಿ ಬಂದವರ ಸಾಮಾನುಗಳಿವು. ಇಲ್ಲಿ ‘ಭಂಗಾರ’ ಎಂದರೆ ಗುಜರಿ. ಆದರೆ ಅದರಲ್ಲಿ ನಮ್ಮ ಕನ್ನಡದ ಬಂಗಾರವೂ ಹೊರಟುಹೋಗುತ್ತದೆ.

ಹಿರಿಯರ ಮೆಲುಕನ್ನು ಅರಳುಮರಳೆಂದು ತಳ್ಳಿಹಾಕಬೇಡಿ, ಅದು ಬದುಕಿನ ಲೆಕ್ಕ ನೋಡಿಕೊಳ್ಳುವ ಸಹಜ ಕ್ರಿಯೆ ಎಂದು 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಬರೆದರು. ಮುಂದೆ ಹಳೆಯ ಫೋಟೊ, ಪಾತ್ರೆ, ಹಾಡುಗಳನ್ನು ಮುಂದಿಟ್ಟು ಮರೆವಿನ ಕಾಯಿಲೆಯವರನ್ನು ಮಾತಾಡಿಸುವ ಪದ್ಧತಿ ಬೆಳೆಯಿತು. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೆ. ಆದರೂ ಅವರ ಕಾರ್ಯದರ್ಶಿ ಅದರೊಡನೆ ಮಾತಿಗೆ ಕೂತಾಗ, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವರನ್ನೇ ಕೇಳಿದರಂತೆ. ಕೇಳುವವರಿದ್ದರೆ ಮನುಷ್ಯ ಮನಸ್ಸು ಬಿಚ್ಚುತ್ತಾನೆ.

ಇಂದಿನ ಎಐ ಕನ್ನಡದಲ್ಲಿ ಕೇಳುತ್ತದೆ, ಚಿತ್ರವನ್ನೂ ನೋಡುತ್ತದೆ. ಮಾವನ ಗಡಿಯಾರದ ಫೋಟೊ ತೋರಿಸಿದೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾದದ್ದನ್ನು ಸರಿಯಾಗಿಯೇ ಹೇಳಿತು. ಅಲ್ಲಿಗೆ ನಿಲ್ಲದೆ, ಇದು ಬಹುಶಃ ನಿಮ್ಮ ಮದುವೆಯ ಉಡುಗೊರೆ ಎಂದಿತು. ಮಾವ ತುಸು ತಡೆದು, “ಇರಬಹುದು” ಎಂದರು. ಅತ್ತೆ ಅಡುಗೆಮನೆಯಿಂದಲೇ ತಿದ್ದಿದರು: ಅದು ಮದುವೆಗೂ ಮೊದಲಿನದು, ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಪಾಸಾದಾಗ ಸ್ವಂತ ಉಳಿತಾಯದಲ್ಲಿ ಕೊಂಡದ್ದು.

ಆ ‘ಇರಬಹುದು’ ನನ್ನನ್ನು ಹೆದರಿಸಿತು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ಚಲನಚಿತ್ರ ತೋರಿಸಿದರು. ಪ್ರಶ್ನೆಯಲ್ಲಿ ‘ತಾಗಿದವು’ ಎಂಬುದರ ಬದಲು ‘ಅಪ್ಪಳಿಸಿದವು’ ಎಂದಾಗ ನೋಡಿದವರು ಹೇಳಿದ ವೇಗ ಹೆಚ್ಚಿತು. ಚಿತ್ರದಲ್ಲಿಲ್ಲದ ಒಡೆದ ಗಾಜೂ ಕೆಲವರ ನೆನಪಿಗೆ ಬಂತು. ಒಂದು ಕ್ರಿಯಾಪದಕ್ಕೇ ಇಷ್ಟು ಶಕ್ತಿಯಿದ್ದರೆ, ತಡವರಿಸದೆ ಊಹಿಸುವ ಯಂತ್ರದೆದುರು ಎಂಬತ್ತರ ನೆನಪು ಎಷ್ಟು ಹೊತ್ತು ನಿಂತೀತು?

ಹಾಗಾಗಿ ಈಗ ಯಂತ್ರಕ್ಕೆ ನಾನು ಕೊಡುವ ಸೂಚನೆ ಚಿಕ್ಕದು: ಊಹೆ ಬೇಡ, ಒಮ್ಮೆಗೆ ಒಂದೇ ಪ್ರಶ್ನೆ. ಎಲ್ಲಿ ಕೊಂಡಿರಿ? ಮೊದಲು ಯಾರಿಗೆ ತೋರಿಸಿದಿರಿ? ಉತ್ತರವನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡುತ್ತೇನೆ. ಯಂತ್ರ ಬರೆದ ಸಾರಾಂಶವನ್ನು ಬೇರೆಯೇ ಇಡುತ್ತೇನೆ. ಅದು ಕುಂದಾಪುರದ ಮಾತನ್ನು ಪಠ್ಯಪುಸ್ತಕದ ಕನ್ನಡ ಮಾಡಿಬಿಡುತ್ತದೆ. ಅತ್ತೆಯನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.

ಮುಂಬಯಿ ಕನ್ನಡಿಗರ ಚರಿತ್ರೆ ಎಂದರೆ ಹೆಚ್ಚಾಗಿ ಸಂಘಗಳ ಸ್ಮರಣ ಸಂಚಿಕೆಗಳು: ಅಧ್ಯಕ್ಷರ ಹೆಸರು, ಕಟ್ಟಡ ನಿಧಿ, ದಾನಿಗಳ ಪಟ್ಟಿ. ಕ್ಯಾಂಟೀನಿನ ಹುಡುಗನೊಬ್ಬ ಗಡಿಯಾರ ಕೊಂಡ ದಿನ ಅಲ್ಲಿ ಸಿಗುವುದಿಲ್ಲ. ಅದನ್ನು ಯಾವ ಎಐ ಕೂಡ ಓದಿ ಕಲಿತಿಲ್ಲ, ಯಾಕೆಂದರೆ ಅದನ್ನು ಯಾರೂ ಬರೆದಿಲ್ಲ. ಬಿಲ್ಡರನಿಗೆ ಬೀಗದ ಕೈ ಕೊಡುವ ಮೊದಲು ನಿಮ್ಮ ಮನೆಯ ಟ್ರಂಕನ್ನೊಮ್ಮೆ ತೆರೆಯಿರಿ, ಅದರ ಯಜಮಾನರ ಮುಂದೆಯೇ.