ಪೊಲತಾಳಿಯ ನಾಮಕರಣ

ನಮ್ಮ ಕಾಸರಗೋಡು ಜಿಲ್ಲೆಯ ಮುರಕಲ್ಲಿನ ಗುಡ್ಡಗಳು ಬೇಸಗೆಯಲ್ಲಿ ಬರಡಾಗಿ ತೋರುತ್ತವೆ. ಮಳೆಗಾಲ ಬಂದಿತೆಂದರೆ ಅವುಗಳ ಬುಡದ ತೋಡುಗಳು ತುಂಬಿ ಹರಿಯುತ್ತವೆ. ಪೆರಿಯದ ಅಂತಹ ತೋಡೊಂದರಲ್ಲಿ ನೀರುಳ್ಳಿಯಂತಹ ಗಡ್ಡೆಯಿಂದ ನೀಳವಾದ ಎಲೆಗಳು ಹೊರಟು, ಅವುಗಳ ನಡುವಿನಿಂದೆದ್ದ ದಂಟಿನ ತುದಿಯಲ್ಲಿ ಬಿಳಿಯ ಹೂಗಳು ಅರಳುತ್ತವೆ. ಇದೇ ಪೆರಿಯದ ಪೊಲತಾಳಿ.

ಪೊಲತಾಳಿ ಎಂಬ ಹೆಸರು ಗ್ರಂಥಸ್ಥವಾಗಿ ಮೂರು ಶತಮಾನಗಳೇ ಸಂದಿವೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ವೈದ್ಯರೂ, ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೂ ಅದಕ್ಕೆ ತಮ್ಮ ಅರಿವನ್ನು ಧಾರೆಯೆರೆದರು. ಅದರ 11ನೆಯ ಸಂಪುಟದಲ್ಲಿ ಬಿಳಿ ಪೊಲತಾಳಿ, ಕೆಂಪು ಪೊಲತಾಳಿ ಎಂಬರ್ಥದ ಮಲೆಯಾಳ ಹೆಸರುಗಳಲ್ಲಿ ಎರಡು ಗಿಡಗಳ ಚಿತ್ರಗಳಿವೆ. 1753ರಲ್ಲಿ ಸ್ವೀಡನ್ನಿನ ಲಿನೇಯಸನು ಆ ಗಿಡಗಳನ್ನು 'ಕ್ರೈನಮ್' ಜಾತಿಗೆ ಸೇರಿಸಿದನು.

ಆದರೆ ಪೆರಿಯದ ಗಿಡವು ಆ ಎರಡರಲ್ಲಿ ಒಂದಲ್ಲ. ಕ್ರೈನಮ್‌ಗಳಲ್ಲಿ ಹೆಚ್ಚಿನವು ನೆಲದಲ್ಲಿಯೋ ನೀರಿನ ದಡದಲ್ಲಿಯೋ ಎಲೆಯೆತ್ತಿ ನಿಲ್ಲುತ್ತವೆ. ಇದರ ಎಲೆಗಳಾದರೋ ಹರಿಯುವ ನೀರಿನಲ್ಲಿ ಪಟ್ಟಿಯಂತೆ ತೇಲಾಡುತ್ತವೆ. ದಕ್ಷಿಣ ಥಾಯ್ಲೆಂಡಿನ ಹೊಳೆಗಳಲ್ಲಿಯೂ ಇಂತಹುದೇ ಬಾಳುವೆಯ ಒಂದು ಕ್ರೈನಮ್ ಉಂಟು. ಹೋಲಿಕೆ ಕಂಡೊಡನೆ ಒಂದೇ ಎನ್ನುವುದು ಶಾಸ್ತ್ರವಲ್ಲ. ಗಡ್ಡೆ, ಎಲೆ, ಹೂ, ಕಾಯಿ, ಬೀಜಗಳನ್ನು ಬಿಡಿಬಿಡಿಯಾಗಿ ಹೋಲಿಸಿ, ಮಾದರಿಯನ್ನು ಒಣಗಿಸಿ ಸಸ್ಯಾಗಾರದಲ್ಲಿಟ್ಟು, ಲಕ್ಷಣಗಳನ್ನು ಪ್ರಕಟಿಸಿದ ಮೇಲೆಯೇ ಹೊಸ ಪ್ರಭೇದಕ್ಕೆ ಮನ್ನಣೆ. ಆ ಕಾರ್ಯವನ್ನು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಲೇಖಕ್ ಮತ್ತು ಯಾದವ್ ಎಂಬ ವಿದ್ವಾಂಸರು ಪೂರೈಸಿದರು. 2012ರಲ್ಲಿ ನಮ್ಮ ತೋಡಿನ ಹೂವು 'ಕ್ರೈನಮ್ ಮಲಬಾರಿಕಮ್' ಆಯಿತು.

ತೋಡನ್ನು ದಿನವೂ ದಾಟುವವರಿಗೆ ಈ ಹೂ ಮೊದಲೇ ಕಂಡಿದ್ದೀತು. ಶಾಸ್ತ್ರವು ಅದನ್ನು ಸೃಷ್ಟಿಸಲಿಲ್ಲ. ಹಾಗಾದರೆ ಹೆಸರಿನಿಂದ ಬಂದ ಲಾಭವೇನು? ಇತರ ಪೊಲತಾಳಿಗಳೊಡನೆ ಬೆರೆತಿರುವವರೆಗೆ ಇದು ಎಲ್ಲೆಡೆಯೂ ಇರುವ ಗಿಡವೆಂದೇ ಎಣಿಕೆ. ಬೇರ್ಪಡಿಸಿ ಗುರುತಿಸಿದಾಗಲೇ ಇದರ ನೆಲೆ ಎಷ್ಟು ಕಿರಿದೆಂಬುದು ತಿಳಿಯಿತು. 2023ರಲ್ಲಿ ಕಾಸರಗೋಡು ಇದನ್ನು ಜಿಲ್ಲೆಯ ಹೂವೆಂದು ಘೋಷಿಸಿತು. ಆ ಗೌರವಕ್ಕೆ ದಾರಿಮಾಡಿದುದು ಈ ವರ್ಗೀಕರಣವೇ.

ಗೌರವದಿಂದಷ್ಟೇ ಗಿಡ ಬದುಕದು. ಗುಡ್ಡದ ಕಲ್ಲನ್ನು ಕಡಿದು ತೋಡನ್ನು ಮುಚ್ಚಿದರೆ ಒಣಗಿದ ಮಾದರಿಯೂ ಲ್ಯಾಟಿನ್ ಹೆಸರೂ ಮಾತ್ರ ಉಳಿದಾವು. ಆದುದರಿಂದ ಅಧ್ಯಾಪಕರು ಮಳೆಗಾಲದಲ್ಲೊಮ್ಮೆ ಮಕ್ಕಳನ್ನು ಸಮೀಪದ ತೋಡಿನ ಬಳಿಗೆ ಕರೆದೊಯ್ಯಲಿ. ಹೂವನ್ನು ಕೀಳದೆ ಎಲೆಯನ್ನೆಣಿಸಲಿ, ಚಿತ್ರ ಬರೆಯಲಿ, ಊರಿನ ಹಿರಿಯರು ಹೇಳುವ ಹೆಸರನ್ನು ಕೇಳಿ ಬರೆದಿಡಲಿ. ವಾನ್ ರೀಡನ ಮಹಾಗ್ರಂಥವೂ ಇಂತಹ ಪ್ರಶ್ನೆಗಳಿಂದಲೇ ಬೆಳೆಯಿತೆಂಬುದನ್ನು ನಾವು ಮರೆಯದಿರೋಣ.